ಬ್ಯಾಂಕಿನ ಹೆಸರೂ ಕಾರ್ಡೂ ಬದಲಾದವು. ಖಾತೆ ಮುಚ್ಚಿ ಬೇರೆ ಕಡೆ ಹೋಗಲೇ?

ಹೋಗಬೇಡಿ. ಹೋಗಲೇಬೇಕೆಂದು ಹಟವಿದ್ದರೂ ಹಳೆಯ ಖಾತೆಯನ್ನು ಮುಚ್ಚಬೇಡಿ. ಹಳೆಯ ಹೆಸರು ಅಳಿಸಿತು, ಹೊಸ ಕಾರ್ಡು ನೋಡಲು ಚೆನ್ನಾಗಿಲ್ಲ, ಅದರ ಮೇಲೆ ನನ್ನ ಹೆಸರಿಲ್ಲ, ಆನ್‌ಲೈನ್‌ನಲ್ಲಿ ಅದು ನಡೆಯುವುದೂ ಇಲ್ಲ ಎಂದು ಬರೆದಿದ್ದೀರಿ. ಈ ದೂರುಗಳನ್ನೆಲ್ಲ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗಿದವನು ನಾನು.

ನಮ್ಮದು ಕರಾವಳಿ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಈ ನಾಲ್ಕೂ ಹುಟ್ಟಿದ್ದು ಮಂಗಳೂರು, ಉಡುಪಿಯ ನೆಲದಲ್ಲಿ. ಒಂದೇ ಮನೆಯಲ್ಲಿ ಒಂದು ಬ್ಯಾಂಕಿನ ನೌಕರ, ಇನ್ನೊಂದರ ಪಿಂಚಣಿದಾರ, ಮತ್ತೊಂದರ ಪಿಗ್ಮಿ (ದಿನದಿನದ ಸಣ್ಣ ಉಳಿತಾಯದ) ಪುಸ್ತಕ ಇರುತ್ತಿದ್ದ ಕಾಲವಿತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು, ದೇನಾ ಬ್ಯಾಂಕಿನ ಜೊತೆಗೆ, ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಸಿಟ್ಟಿಗೆ ಕಾರಣವೂ ಇತ್ತು. ವಿಜಯಾ, ದೇನಾ, ಬರೋಡಾ ಈ ಮೂರರಲ್ಲಿ 2017-18ರಲ್ಲಿ ಲಾಭ ಮಾಡಿದ್ದು ವಿಜಯಾ ಒಂದೇ. ಹೆಸರು ಉಳಿದದ್ದು ಬರೋಡಾದ್ದು. ಹೀಗಾಗಿ ನಿಮ್ಮ ಸಿಟ್ಟನ್ನು ನಾನು ಹಗುರಾಗಿ ಕಾಣುವುದಿಲ್ಲ.

ನನ್ನ ಬ್ಯಾಂಕಿನ ಹೆಸರು ಇಲ್ಲಿ ಬೇಡ. ಶಾಖೆಯ ಹಳೆಯ ಫಲಕದ ಮೇಲೆ ಹೊಸ ಹೆಸರಿನ ಫ್ಲೆಕ್ಸ್ ಬಿಗಿದಿದ್ದರು. ಗಾಳಿ ಬೀಸಿದಾಗ ಅದರ ಒಂದು ಮೂಲೆ ಎದ್ದು ಹಳೆಯ ಹೆಸರಿನ ಕೊನೆಯ ಅಕ್ಷರಗಳು ಕಾಣುತ್ತಿದ್ದವು. ಕೌಂಟರಿನಲ್ಲಿ ನನಗಿಂತ ಮುಂದೆ ನಿಂತಿದ್ದ ಹಿರಿಯರೊಬ್ಬರು ಹೊಸ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ನನ್ನ ಹೆಸರೇ ಇಲ್ಲವಲ್ಲಮ್ಮ, ಇದು ಯಾರ ಕಾರ್ಡು?" ಎಂದರು. "ನಿಮ್ಮದೇ ಅಜ್ಜ, ಕೂಡಲೇ ಕೊಡುವ ಕಾರ್ಡಿನಲ್ಲಿ ಹೆಸರು ಅಚ್ಚಾಗಿರುವುದಿಲ್ಲ" ಎಂದು ಕೌಂಟರಿನ ಹುಡುಗಿ ಹೇಳಿದಳು. ಅವರು ಒಪ್ಪಲಿಲ್ಲ. ಹೆಸರಿರುವ ಹಳೆಯ ಕಾರ್ಡನ್ನೇ ಕೊಡಿ ಎಂದು ಕುಳಿತರು. ಅವರ ಪರವಾಗಿ ದನಿ ಎತ್ತಿದವನು ನಾನು, ಅದೇ ಹುರುಪಿನಲ್ಲಿ ಖಾತೆ ಮುಚ್ಚುವ ಅರ್ಜಿ ಕೇಳಿದವನೂ ನಾನೇ. ಪಾಸ್‌ಬುಕ್, ಉಳಿದ ಚೆಕ್ ಹಾಳೆ, ಎರಡು ತುಂಡು ಮಾಡಿದ ಕಾರ್ಡು ಒಪ್ಪಿಸಿ ಹೊರಬಂದೆ. ಹಿರಿಯರು ಹೊಸ ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು ನನಗಿಂತ ಮೊದಲೇ ಮನೆಗೆ ಹೋಗಿದ್ದರು!

ಈಗ ನಾನು ಮಾಡಿದ ತಪ್ಪು. ಇದನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ನಾನು ಅಜಾಗರೂಕನಾಗಿರಲಿಲ್ಲ, ಜಾಗರೂಕನೆಂದುಕೊಂಡೇ ಎಡವಿದೆ. ಮುಚ್ಚುವ ಮೊದಲು ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ ಪೆನ್ಸಿಲ್ ಹಿಡಿದು ಗುರುತು ಹಾಕಿದ್ದೆ. ಸಂಬಳ ಬರುವುದು, ಗೃಹಸಾಲದ ಕಂತು, ಗ್ಯಾಸ್ ಸಬ್ಸಿಡಿ, ವಿದ್ಯುತ್ ಬಿಲ್ಲು, ಎಲ್ಲವನ್ನೂ ಹೊಸ ಬ್ಯಾಂಕಿಗೆ ವರ್ಗಾಯಿಸಿದೆ. ಆದರೆ ತೆಗೆಸಿದ್ದು ಮೂರು ತಿಂಗಳ ಸ್ಟೇಟ್‌ಮೆಂಟ್. ನನ್ನ ಜೀವವಿಮೆಯ ಕಂತು ವರ್ಷಕ್ಕೊಮ್ಮೆ ಕಡಿತವಾಗುವಂಥದ್ದು. ಆ ಮೂರು ತಿಂಗಳಲ್ಲಿ ಅದರ ಸುಳಿವೇ ಇಲ್ಲ! ಖಾತೆಯಿಂದ ಕಂತನ್ನು ತಾನಾಗಿ ಕಡಿದುಕೊಳ್ಳಿ ಎಂದು ಎಷ್ಟೋ ವರ್ಷಗಳ ಹಿಂದೆ ಸಹಿ ಹಾಕಿ ಮರೆತ ಆದೇಶವದು. ತಾನಾಗಿ ಹೋಗುತ್ತಿದ್ದುದರಿಂದಲೇ ಮರೆತಿದ್ದೆ. ಕಂತಿನ ದಿನ ಬಂತು, ಖಾತೆ ಇಲ್ಲ, ಆದೇಶ ವಾಪಸಾಯಿತು. ವಾರ್ಷಿಕ ಕಂತಿಗೆ 30 ದಿನಗಳ ರಿಯಾಯಿತಿ ಅವಧಿ ಇರುತ್ತದೆ, ಅದೂ ಕಳೆಯಿತು. ವಿಮಾ ಕಚೇರಿಯ ಪತ್ರ ನಾವು ಬಿಟ್ಟುಬಂದಿದ್ದ ಬಾಡಿಗೆ ಮನೆಗೆ ಹೋಗಿತ್ತು.

ಗೊತ್ತಾಗಿದ್ದು ಜನವರಿಯಲ್ಲಿ, ಕಚೇರಿಯಲ್ಲಿ ಆದಾಯ ತೆರಿಗೆಯ 80ಸಿ ವಿನಾಯಿತಿಗೆ ವಿಮೆಯ ರಸೀದಿ ಕೇಳಿದಾಗ. ಪಾಲಿಸಿ ರದ್ದಾದ ಸ್ಥಿತಿಯಲ್ಲಿತ್ತು. ಪುನರುಜ್ಜೀವನಕ್ಕೆ ಬಾಕಿ ಕಂತು, ಅದರ ಮೇಲೆ ಬಡ್ಡಿ; ಇಷ್ಟೇ ಆಗಿದ್ದರೆ ಬೈದುಕೊಂಡು ಕಟ್ಟುತ್ತಿದ್ದೆ. ತಡವಾದಷ್ಟೂ ಅವರು ಕೇಳುವುದು ಹೆಚ್ಚು. ನನ್ನಿಂದ ವೈದ್ಯಕೀಯ ಪರೀಕ್ಷೆ ಕೇಳಿದರು. ಪಾಲಿಸಿ ಮಾಡಿಸಿದಾಗ ಇಲ್ಲದ ಸಕ್ಕರೆ ಕಾಯಿಲೆ ಆ ರಕ್ತಪರೀಕ್ಷೆಯಲ್ಲಿ ಕಾಣಿಸಿಕೊಂಡಿತು. ಉಳಿದ ಅವಧಿಗೆಲ್ಲ ಹೆಚ್ಚುವರಿ ಪ್ರೀಮಿಯಂ ಹೇರಿದರು. ಈಗಲೂ ಕಟ್ಟುತ್ತಿದ್ದೇನೆ. ನನ್ನ ಹಾಗೆಯೇ ಗೊಣಗುತ್ತಿದ್ದರೂ ಖಾತೆ ಮುಚ್ಚದೆ ಉಳಿದ ಸಹೋದ್ಯೋಗಿಯೊಬ್ಬರ ವಿಮೆ ಕಂತು ಹೊಸ ಹೆಸರಿನ ಬ್ಯಾಂಕಿನಿಂದಲೇ ತಪ್ಪದೆ ಹೋಯಿತು. ಅವರಿಗೆ ಆ ಕಾರ್ಡಿನ ಬಣ್ಣ ಇಂದಿಗೂ ಸೇರುವುದಿಲ್ಲ.

ಖಾಸಗಿ ಬ್ಯಾಂಕಿಗೆ ಹೋದರೆ ಈ ಗೊಡವೆ ಇರುವುದಿಲ್ಲವಲ್ಲ ಎಂದೂ ಕೇಳಿದ್ದೀರಿ. ಈ ಮಾತನ್ನು ನಾನು ಒಪ್ಪುವುದೇ ಇಲ್ಲ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಶ್ಯ ಬ್ಯಾಂಕು ಖಾಸಗಿಯೇ ಆಗಿತ್ತು. 2002ರಲ್ಲಿ ಅದು ಐಎನ್‌ಜಿ ವೈಶ್ಯ ಆಯಿತು, 2015ರಲ್ಲಿ ಕೋಟಕ್ ಮಹೀಂದ್ರಾದಲ್ಲಿ ಸೇರಿಹೋಯಿತು. ಅಲ್ಲಿ ಖಾತೆ ಇದ್ದ ನನ್ನ ಸೋದರಮಾವ ಜಾಗ ಬಿಟ್ಟು ಕದಲದೆಯೇ ಮೂರು ಬ್ಯಾಂಕುಗಳ ಗ್ರಾಹಕರಾದರು. ಹೆಸರು ಬದಲಾಗದ ಬ್ಯಾಂಕನ್ನು ಹುಡುಕಿಕೊಂಡು ಹೊರಡುವುದು ವ್ಯರ್ಥ.

ಕಾರ್ಡು ಆನ್‌ಲೈನ್‌ನಲ್ಲಿ ನಡೆಯದಿರುವುದು ಬಹುಮಟ್ಟಿಗೆ ದೋಷವಲ್ಲ. 2020ರ ಜನವರಿಯ ರಿಸರ್ವ್ ಬ್ಯಾಂಕ್ ಆದೇಶದಂತೆ, ಹೊಸದಾಗಿ ಅಥವಾ ಬದಲಿಯಾಗಿ ಕೊಡುವ ಕಾರ್ಡು ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಗಳಲ್ಲಿ ಮಾತ್ರ ನಡೆಯಬೇಕು. ಆನ್‌ಲೈನ್ ಬಳಕೆಯನ್ನು ನೀವೇ ಬ್ಯಾಂಕಿನ ಆ್ಯಪ್‌ನಲ್ಲಿ ತೆರೆಯಬೇಕು, ಮಿತಿಯನ್ನೂ ನೀವೇ ಇಟ್ಟುಕೊಳ್ಳಬಹುದು. ಕಾರ್ಡು ಚಾಲೂ ಮಾಡಿಕೊಡುತ್ತೇವೆ, ಒಟಿಪಿ ಹೇಳಿ ಎಂದು ಕರೆ ಬಂದರೆ ಮಾತು ಬೆಳೆಸದೆ ಫೋನ್ ಇಡಿ. ಬ್ಯಾಂಕು ಹೆಸರು ಬದಲಿಸುವ ಹೊತ್ತೇ ಇಂಥ ಕಳ್ಳರಿಗೆ ಸುಗ್ಗಿ.

ನಿಮ್ಮ ಸಿಟ್ಟನ್ನು ಕಾರ್ಡಿನ ಮೇಲೆ ಸುರಿಯುವ ಬದಲು ಐಎಫ್‌ಎಸ್‌ಸಿ ಕೋಡ್ (ಹಣ ವರ್ಗಾವಣೆಗೆ ಬೇಕಾದ ಶಾಖೆಯ ಗುರುತು) ಎಂದಿನಿಂದ ಬದಲಾಗುತ್ತದೆ, ಹಳೆಯ ಚೆಕ್ ಪುಸ್ತಕ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಶಾಖೆಯಲ್ಲಿ ಬರೆಸಿಕೊಳ್ಳಿ. ಸಿಂಡಿಕೇಟಿನ ಹಳೆಯ ಕೋಡ್‌ಗಳು ವಿಲೀನವಾದ ಒಂದು ವರ್ಷದ ಮೇಲೆ, 2021ರ ಜುಲೈ 1ರಿಂದ ನಿಂತವು. ಅಷ್ಟು ಹೊತ್ತಿಗೆ ಆ ವಿಷಯ ಹೆಚ್ಚಿನವರ ತಲೆಯಿಂದಲೇ ಹೋಗಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಬೇರೆ ಬ್ಯಾಂಕೇ ಬೇಕೆಂದರೆ ಅಲ್ಲೊಂದು ಖಾತೆ ತೆರೆಯಿರಿ, ಬೇಡವೆನ್ನಲು ನಾನಾರು? ಆದರೆ ಹಳೆಯದರಲ್ಲಿ ಕನಿಷ್ಠ ಮೊತ್ತದ ಜೊತೆಗೆ ಒಂದು ವಿಮೆ ಕಂತಿನಷ್ಟು ಹಣವಿರಲಿ. ಸ್ಟೇಟ್‌ಮೆಂಟ್ ತೆಗೆಸುವುದಾದರೆ ಪೂರ್ತಿ ಹನ್ನೆರಡು ತಿಂಗಳದ್ದು, ಸಾಧ್ಯವಾದರೆ ಹದಿಮೂರು ತಿಂಗಳದ್ದು ತೆಗೆಸಿ.