ಮದುವೆ ಮನೆ, ಕ್ಯಾಮರಾ ಮತ್ತೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮದುವೆ ಫೋಟೋ ಬಗ್ಗೆನೇ ಇದಾವೆ. ಅಡಿಕೆ ಕೊಯ್ಲು ಮುಗ್ದು ಧನುರ್ಮಾಸ ದಾಟಿದ್ರೆ ಮಲೆನಾಡಲ್ಲಿ ಛತ್ರ ಸಿಗೋದೇ ಕಷ್ಟ, ಹಾಗಾಗಿ ಕೇಳೋಕೆ ಇದೇ ಸರಿಯಾದ ಟೈಮು. ನಾನು ಶಿವಮೊಗ್ಗದಲ್ಲಿ ರೋಲ್ ಹಾಕಿ ಫೋಟೋ ತೆಗೀತಿದ್ದ ಕಾಲದಿಂದ ಇದೇ ಕೆಲಸ ಮಾಡ್ಕೊಂಡು ಬಂದಿದೀನಿ, ಗೊತ್ತಿರೋದನ್ನ ಹೇಳ್ತೀನಿ.

ಪ್ರಶ್ನೆ: ನಂಗೆ 24 ವರ್ಷ. ಸಾಲ ಮಾಡಿ ಫುಲ್ ಫ್ರೇಮ್ ಕ್ಯಾಮರಾ, ಎರಡು ಲೆನ್ಸ್ ತಗೊಂಡಿದೀನಿ. ಇಲ್ಲಿವರೆಗೆ ಏಳು ಮದುವೆ ಮಾಡಿದೀನಿ. ಫೋಟೋ ಶಾರ್ಪ್ ಆಗೇ ಬರುತ್ತೆ, ಕಲರ್ ಕೂಡ ಚೆನ್ನಾಗಿರುತ್ತೆ, ಆದ್ರೂ ಆಲ್ಬಮ್ ಕೊಟ್ಟಾಗ ಹುಡುಗ ಹುಡುಗಿ ‘ಚೆನ್ನಾಗಿದೆ’ ಅಂದು ಸುಮ್ಮನಾಗ್ತಾರೆ. ಖುಷಿನೇ ಕಾಣಲ್ಲ. ಎಲ್ಲಿ ತಪ್ತಿದೀನಿ?
(ತೀರ್ಥಹಳ್ಳಿ ಕಡೆಯ ಓದುಗ)

ಉತ್ತರ: ನಿಮ್ಮ ಪತ್ರ ಓದಿ ನಂಗೆ ಹೊಸನಗರ ಕಡೆಯ ಒಂದು ಮನೆ ನೆನಪಾಯ್ತು. ಆಲ್ಬಮ್ ಕೊಡೋಕೆ ಹೋಗಿದ್ದೆ, ಮದುವೆ ಹುಡುಗಿ ಜಗಲಿ ಮೇಲೆ ಕೂತು ಒಂದೊಂದೇ ಹಾಳೆ ತಿರುವಿ ಕೊನೆವರೆಗೂ ನೋಡಿದಳು, ಆಮೇಲೆ ಮತ್ತೆ ಮೊದಲಿಂದ ಶುರು ಮಾಡಿದಳು, ಇಷ್ಟ ಆಗಿರ್ಬೇಕು ಅಂತ ನಾನು ಅಂದ್ಕೊಂಡು ಕಾಫಿ ಕುಡೀತಾ ಕೂತಿದ್ದೆ. ಎರಡನೇ ಸಲ ಮುಗಿದ ಮೇಲೆ ಮೆಲ್ಲಗೆ ‘ನಮ್ಮಣ್ಣ ಎಲ್ಲೂ ಇಲ್ವಲ್ಲ’ ಅಂದಳು. ನಾನೂ ಹುಡುಕಿದೆ. ಒಂದೇ ಒಂದು ಫೋಟೋ ಸಿಕ್ತು, ಊಟದ ಪಂಕ್ತಿಯಲ್ಲಿ ಸಾರಿನ ಬಕೆಟ್ ಹಿಡಿದು ಬಗ್ಗಿದ್ದ ಬೆನ್ನು, ಹೆಗಲ ಮೇಲಿದ್ದ ಕೆಂಪು ಗೆರೆ ಟವೆಲ್ ನೋಡಿ ಅವಳು ಅವನೇ ಅಂತ ಗುರುತು ಹಿಡಿದಳು. ನಮ್ಮ ಕಡೆ ಗೊತ್ತಲ್ಲ, ಮನೆ ಮುಂದಿನ ಮದುವೆ ಅಂದ್ರೆ ಅಣ್ಣ ತಮ್ಮಂದಿರು, ಊರಿನ ಹುಡುಗ್ರು ಎಲ್ಲ ಹಿಂದಿನ ರಾತ್ರಿಯಿಂದ ತರಕಾರಿ ಹೆಚ್ಚೋದು, ಕಾಯಿ ತುರಿಯೋದು, ಬೆಳಗ್ಗೆ ಎದ್ದು ಎಲೆ ಒರೆಸೋದು, ಮಧ್ಯಾಹ್ನ ಪಂಚೆ ಎತ್ತಿ ಕಟ್ಟಿ ಬಡಿಸೋದು. ಆ ಹುಡುಗ ತಂಗಿ ಮದುವೆಗೆ ಇಡೀ ದಿನ ದುಡಿದು ಸ್ಟೇಜ್ ಹತ್ರ ಬಂದೇ ಇರ್ಲಿಲ್ಲ, ನಾನು ಸ್ಟೇಜ್ ಬಿಟ್ಟು ಇಳಿದೇ ಇರ್ಲಿಲ್ಲ. ಅವಳು ಬೈಲಿಲ್ಲ, ಬಾಕಿ ದುಡ್ಡನ್ನೂ ಕೊಟ್ಟಳು. ನಂಗೆ ಅವತ್ತು ವಾಪಸ್ ಬರೋವಾಗ ದಾರಿ ಉದ್ದಕ್ಕೂ ಸಂಕಟ ಆಯ್ತು.

ಅವತ್ತಿಂದ ನಾನು ಮದುವೆಗೆ ನಾಲ್ಕೈದು ದಿನ ಮುಂಚೆ ಆ ಮನೆಗೆ ಒಂದ್ಸಲ ಹೋಗಿ ಬರ್ತೀನಿ. ಕ್ಯಾಮರಾ ಇಲ್ದೆ, ಬರಿಗೈಲಿ. ಹುಡುಗಿ ಹತ್ರನೂ ಹುಡುಗನ ಹತ್ರನೂ ಬೇರೆ ಬೇರೆ ಕೇಳ್ತೀನಿ, ನಿಮ್ಮನ್ನ ಎತ್ತಿ ಆಡಿಸಿದೋರು ಯಾರು, ಮೆಟ್ಟಿಲು ಹತ್ತೋಕಾಗದೆ ಕೆಳಗೇ ಕೂರೋರು ಯಾರು, ಕರೆದ್ರೂ ನಾಚಿಕೊಂಡು ಫೋಟೋಗೆ ಬರದೇ ಇರೋರು ಯಾರು, ಅವತ್ತು ಕೆಲಸದಲ್ಲಿ ಸಿಕ್ಕಾಕೊಳ್ಳೋರು ಯಾರು ಅಂತ. ಒಂದು ಚೀಟಿಲಿ ಬರ್ಕೊಂಡು ಜೇಬಲ್ಲಿ ಇಟ್ಕೋತೀನಿ. ಎರಡನೇ ಪಂಕ್ತಿ ಶುರುವಾಗೋ ಹೊತ್ತಿಗೆ ಸ್ಟೇಜ್‌ನ ಅಸಿಸ್ಟೆಂಟ್‌ಗೆ ಬಿಟ್ಟು ನಾನು ಅಡುಗೆ ಮನೆ ಕಡೆ ಹೋಗ್ತೀನಿ. ನೀವೂ ಒಂದೇ ಒಂದು ಮದುವೆಲಿ ಹೀಗೆ ಮಾಡಿ ನೋಡಿ.

ಇನ್ನೊಂದು, ಸಾಗರ ಸೊರಬ ಕಡೆ ದೀವರ ಸಮುದಾಯದೋರ ಮನೆ ಮದುವೆ ಸಿಕ್ಕಿದ್ರೆ ಹಸೆ ಗೋಡೆನ ದಯವಿಟ್ಟು ಮರೀಬೇಡಿ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹೆಣ್ಮಕ್ಕಳು ದಿನಗಟ್ಲೆ ಕೂತು ಬರೀತಾರೆ, ಆ ಗೆರೆ ಒಂದು ಕೂದಲೆಳೆ ಆಚೆ ಈಚೆ ಹೋಗಿರಲ್ಲ. ಅದರ ಮುಂದೆ ಸಾಫ್ಟ್‌ಬಾಕ್ಸ್ ಲೈಟಿನ ಸ್ಟ್ಯಾಂಡ್ ನಿಲ್ಲಿಸಿದೋರನ್ನ, ಫ್ಲೆಕ್ಸ್ ಕಟ್ಟಿದೋರನ್ನ ನಾನೇ ನೋಡಿದೀನಿ, ಹೊಟ್ಟೆ ಉರಿಯುತ್ತೆ. ಗೋಡೆನೂ ತೆಗೀರಿ, ಅದನ್ನ ಬರೆದೋರನ್ನ ಪಕ್ಕದಲ್ಲಿ ನಿಲ್ಲಿಸಿನೂ ತೆಗೀರಿ.

ಮತ್ತೆ ಮುಖದ ಖುಷಿ ವಿಷಯ. ಅಂತರಪಟ ಸರಿಸಿದ ತಕ್ಷಣ ಇಬ್ಬರೂ ಜೀರಿಗೆ ಬೆಲ್ಲ ಹಾಕ್ತಾರಲ್ಲ, ಎಲ್ಲರೂ ಅದನ್ನೇ ಕ್ಲಿಕ್ ಮಾಡಿ ಕ್ಯಾಮರಾ ಕೆಳಗಿಳಿಸ್ತಾರೆ. ಇಳಿಸ್ಬೇಡಿ. ಹಾಕಿ ಒಂದೆರಡು ಸೆಕೆಂಡ್ ಆದ್ಮೇಲೆ, ಬೆರಳಿಗೆ ಅಂಟಿರೋ ಬೆಲ್ಲನ ಎಲ್ಲಿ ಒರೆಸ್ಕೊಳ್ಳೋದು ಅಂತ ಗೊತ್ತಾಗದೆ ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಾರೆ, ಆಗ ಬರೋ ನಗು ನೀವು ‘ಸ್ಮೈಲ್ ಮಾಡಿ ಸರ್’ ಅಂತ ಸಾವಿರ ಸಲ ಹೇಳಿದ್ರೂ ಬರಲ್ಲ. ಅರೇಂಜ್ಡ್ ಮ್ಯಾರೇಜ್ ಆಗಿ ಇನ್ನೂ ಸರಿಯಾಗಿ ಮಾತೇ ಆಡಿರದ ಜೋಡಿಗೆ ಹಣೆಗೆ ಹಣೆ ತಾಗಿಸಿ, ಸೊಂಟ ಹಿಡೀರಿ ಅಂತೆಲ್ಲ ಹೇಳೋಕೆ ಹೋಗ್ಬೇಡಿ, ಹುಡುಗಿ ಮೈ ಬಿಗಿಯಾಗುತ್ತೆ, ಅದು ಫೋಟೋದಲ್ಲಿ ಎದ್ದು ಕಾಣುತ್ತೆ. ತೋಟದಲ್ಲಿ ಸುಮ್ನೆ ಇಪ್ಪತ್ತು ಹೆಜ್ಜೆ ನಡೀರಿ ಅನ್ನಿ, ನೀವು ದೂರ ನಿಂತು 85 ಎಂಎಂ ಲೆನ್ಸ್ ಹಾಕ್ಕೊಳ್ಳಿ, ಸಾಕು.

ಪ್ರಶ್ನೆ: ಹಳ್ಳಿ ಮನೆ ಮದುವೆಲಿ ಕಲರೇ ಸರಿ ಬರಲ್ಲ. ಒಂದ್ಕಡೆ ಮುಖ ನೀಲಿ, ಇನ್ನೊಂದ್ಕಡೆ ಹಳದಿ. ಛತ್ರದಲ್ಲಿ ತೆಗೆದ್ರೆ ಫೋಟೋ ಮೇಲೆ ಅಡ್ಡ ಪಟ್ಟೆ ಬರುತ್ತೆ. ಕ್ಯಾಮರಾ ಹಾಳಾಗಿದ್ಯಾ?
(ಸೊರಬದಿಂದ)

ಉತ್ತರ: ಕ್ಯಾಮರಾಗೇನೂ ಆಗಿಲ್ಲ. ಅಂಗಳಕ್ಕೆ ನೀಲಿ ಟಾರ್ಪಲ್ ಕಟ್ಟಿದ್ರೆ ಬಿಸಿಲು ಅದರ ಮೂಲಕ ಸೋಸಿ ಇಳಿಯುತ್ತೆ, ಮುಖ ನೀಲಿ ಆಗೇ ಆಗುತ್ತೆ, ಆಮೇಲೆ ಎಡಿಟಿಂಗಲ್ಲಿ ಎಷ್ಟು ಎಳೆದಾಡಿದ್ರೂ ಚರ್ಮದ ಬಣ್ಣ ಪೂರ್ತಿ ವಾಪಸ್ ಬರಲ್ಲ. ಅದಕ್ಕೆ ಶಾಮಿಯಾನದೋರ ಹತ್ರ ಹಿಂದಿನ ದಿನನೇ ಮಾತಾಡಿ ಮಂಟಪದ ಮೇಲಷ್ಟಾದ್ರೂ ಬಿಳಿ ಬಟ್ಟೆ ಹಾಕ್ಸಿ. ಅಡಿಕೆ ಸೋಗೆ ಚಪ್ಪರ ಆದ್ರೆ ಬಣ್ಣದ ತೊಂದರೆ ಇಲ್ಲ, ಆದ್ರೆ ಸಂದಿಯಿಂದ ಬಿಸಿಲಿನ ಕೋಲು ಬಿದ್ದು ಮುಖದ ಮೇಲೆ ಚುಕ್ಕೆ ಚುಕ್ಕೆ ಆಗುತ್ತೆ, ಮುಹೂರ್ತದ ಟೈಮಿಗೆ ಬಿಸಿಲು ಎಲ್ಲಿ ಬೀಳುತ್ತೆ ಅಂತ ಹಿಂದಿನ ದಿನ ಅದೇ ಹೊತ್ತಿಗೆ ನೋಡ್ಕೊಂಡು ಆ ಜಾಗಕ್ಕೆ ಮೇಲಿಂದ ಒಂದು ಬಿಳಿ ಪಂಚೆ ಹಾಸಿದ್ರೆ ಆಯ್ತು. ಹಳೇ ಹೆಂಚಿನ ಮನೆ ಒಳಗೆ ಫ್ಲಾಶ್‌ನ ಮೇಲಕ್ಕೆ ಬೌನ್ಸ್ ಮಾಡಿದ್ರೆ ಪ್ರಯೋಜನ ಇಲ್ಲ, ಹೊಗೆ ಹಿಡಿದ ಕಪ್ಪು ಜಂತಿ ಬೆಳಕನ್ನೆಲ್ಲ ನುಂಗಿಬಿಡುತ್ತೆ, ಸುಣ್ಣ ಬಳಿದ ಗೋಡೆ ಕಡೆ ತಿರುಗಿಸಿ.

ಛತ್ರದ ಪಟ್ಟೆ ಎಲ್‌ಇಡಿ ಲೈಟಿಂದ ಬರೋದು. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಕಡಿಮೆ ಕ್ವಾಲಿಟಿ ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ. ಶಟರ್ ಸ್ಪೀಡ್ 1/100 ಅಥವಾ 1/50 ಸೆಕೆಂಡ್ ಇಟ್ರೆ ಪಟ್ಟೆ ಹೋಗುತ್ತೆ. ಸೈಲೆಂಟ್ ಶಟರ್ ಆಫ್ ಮಾಡಿ ಮೆಕ್ಯಾನಿಕಲ್‌ಗೆ ಬನ್ನಿ, ಆಂಟಿ ಫ್ಲಿಕರ್ ಇದ್ರೆ ಆನ್ ಮಾಡಿ. ಧಾರೆ ನೀರಿನ ಎಳೆ ನಿಲ್ಲಿಸಿ ಹಿಡಿಯೋಕೆ 1/500 ಬೇಕಾಗುತ್ತಲ್ಲ, ಅಷ್ಟೊತ್ತು ಮಂಟಪದ ಆ ಡೆಕೋರೇಷನ್ ಲೈಟ್ ಆರಿಸೋಕೆ ಹೇಳಿ, ಯಾರೂ ಬೇಡ ಅನ್ನಲ್ಲ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ಅಕ್ಕನ ಮದುವೆಲಿ ಫೋಟೋದೋರು ವಿಡಿಯೋದೋರು ಸೇರಿ ಆರು ಜನ ಮಂಟಪಕ್ಕೆ ಸುತ್ತುಗಟ್ಟಿ ನಿಂತಿದ್ರು, ಅಜ್ಜಿಗೆ ತಾಳಿ ಕಟ್ಟಿದ್ದೇ ಕಾಣ್ಲಿಲ್ಲ, ಅಕ್ಷತೆ ಅವರ ಬೆನ್ನ ಮೇಲೆ ಬಿತ್ತು. ನನ್ನ ಮದುವೆಲಿ ಹೀಗಾಗ್ಬಾರ್ದು, ಹೇಗೆ ಹೇಳ್ಲಿ?
(ಸಾಗರದ ಓದುಗಿ)

ಉತ್ತರ: ನೇರವಾಗಿ ಹೇಳಿ, ಅಡ್ವಾನ್ಸ್ ಕೊಡೋ ದಿನವೇ ಹೇಳಿ. ದುಡ್ಡು ಕೊಡೋರು ನೀವು, ಮದುವೆ ನಿಮ್ದು. ಅಂತರಪಟ, ಧಾರೆ, ಮಾಂಗಲ್ಯ, ಈ ಮೂರು ಹೊತ್ತಲ್ಲಿ ಮಂಟಪದ ಮೇಲೆ ಇಬ್ಬರೇ ಇರ್ಬೇಕು, ಒಬ್ಬರು ಹುಡುಗನ ಕಡೆ ಒಬ್ಬರು ಹುಡುಗಿ ಕಡೆ, ಇಬ್ಬರೂ ಕೂತೇ ತೆಗೀಬೇಕು, ಮುಂಭಾಗ ಪೂರ್ತಿ ಖಾಲಿ ಬಿಡ್ಬೇಕು ಅಂತ ಬರೆಸ್ಕೊಳ್ಳಿ. ಮಿಕ್ಕೋರು ಹಾಲ್ ಹಿಂದಿನಿಂದ 70-200 ಲೆನ್ಸಲ್ಲಿ ಆರಾಮಾಗಿ ತೆಗೀಬಹುದು. ಭಟ್ರಿಗೂ ಒಂದು ಮಾತು ಹಾಕಿಡಿ, ಅವರು ಎಲ್ಲಿ ಕೂರ್ತಾರೆ, ಹೋಮದ ಹೊಗೆ ಯಾವ ಕಡೆ ಹೋಗುತ್ತೆ ಅಂತ ಫೋಟೋದೋರಿಗೆ ಮುಂಚೆನೇ ಗೊತ್ತಿದ್ರೆ ಗಡಿಬಿಡಿ ಇರಲ್ಲ.

ಇನ್ನು ‘ಸರ್ ಇನ್ನೊಂದ್ಸಲ ತಾಳಿ ಹಿಡ್ಕೊಳ್ಳಿ, ಈ ಕಡೆ ನೋಡಿ’ ಅನ್ನೋದು ಇದ್ಯಲ್ಲ, ನಂಗೆ ಅದನ್ನ ಕೇಳಿದ್ರೇ ಸಿಟ್ಟು ಬರುತ್ತೆ. ಮುಹೂರ್ತ ಅಂತ ನಿಮಿಷ ಲೆಕ್ಕ ಹಾಕಿ ಮನೆಯವರು ತಿಂಗಳುಗಟ್ಲೆ ಕಾದಿರ್ತಾರೆ, ಅದನ್ನ ನಿಲ್ಲಿಸೋ ಅಧಿಕಾರ ನಮಗ್ಯಾರೂ ಕೊಟ್ಟಿಲ್ಲ. ತಪ್ಪಿಹೋದ್ರೆ ತಪ್ಪಿಹೋಯ್ತು, ನಾವು ಹುಷಾರಾಗಿ ಇರ್ಬೇಕಿತ್ತು ಅಷ್ಟೇ. ಅಜ್ಜಿಗೆ ಮುಂದಿನ ಸಾಲಲ್ಲಿ ಒಂದು ಕುರ್ಚಿ ಹಾಕ್ಸಿ, ಅವರ ಮುಖನೂ ತೆಗೀರಿ ಅಂತ ಮರೀದೆ ಹೇಳಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ನಮ್ಮ ಮದುವೆ. ಮಾರ್ಚಲ್ಲಿ ಪ್ರೀ ವೆಡ್ಡಿಂಗ್ ಶೂಟ್‌ಗೆ ಜೋಗ ಅಂದ್ಕೊಂಡಿದೀವಿ, ಹಿಂದೆ ತುಂಬಿ ಬೀಳೋ ಫಾಲ್ಸ್ ಇರ್ಬೇಕು, ಡ್ರೋನ್ ಶಾಟ್ ಬೇಕು. ಆಗುತ್ತಾ?
(ಶಿವಮೊಗ್ಗದ ಜೋಡಿ)

ಉತ್ತರ: ಮಾರ್ಚಲ್ಲಿ ತುಂಬಿದ ಜೋಗ ಸಿಗಲ್ಲ, ಈಗಲೇ ಹೇಳ್ಬಿಡ್ತೀನಿ. ಮೇಲೆ ಲಿಂಗನಮಕ್ಕಿ ಡ್ಯಾಮ್ ಕಟ್ಟಿದ ಮೇಲೆ ಶರಾವತಿ ನೀರು ಬಹುಪಾಲು ಕರೆಂಟಿಗೆ ಹೋಗುತ್ತೆ, ಬೇಸಿಗೆಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬಂಡೆ ಮೇಲಿನ ಬಿಳಿ ದಾರದ ಥರ ಕಾಣುತ್ತೆ. 253 ಮೀಟರ್ ಪೂರ್ತಿ ನೀರು ಧುಮುಕೋದು ನೋಡ್ಬೇಕಂದ್ರೆ ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗ್ಬೇಕು, ಆಗ ಮಂಜು ಕವಿದು ಫಾಲ್ಸೇ ಮಾಯ ಆಗಿ ಅರ್ಧ ಗಂಟೆ ಕಾಯೋದೂ ಇರುತ್ತೆ. ನಿಶ್ಚಿತಾರ್ಥ ಮಳೆಗಾಲಕ್ಕೆ ಮುಂಚೆ ಆದೋರಿಗೆ ನಾನು ಆಗಸ್ಟಲ್ಲೇ ಹೋಗಿ ಬನ್ನಿ ಅಂತೀನಿ.

ನಿಮಗೆ ಮಾರ್ಚಿಗೆ ಇಕ್ಕೇರಿ ಚೆನ್ನಾಗಿರುತ್ತೆ. ಸಂಜೆ ಬಿಸಿಲು ಅಘೋರೇಶ್ವರ ದೇವಸ್ಥಾನದ ಕಲ್ಲಿನ ಮೇಲೆ ಬಿದ್ದಾಗ ರೇಷ್ಮೆ ಸೀರೆ ಬಣ್ಣ ಹೇಗೆ ಕಾಣುತ್ತೆ ಅಂತ ಬಾಯಲ್ಲಿ ಹೇಳೋಕಾಗಲ್ಲ. ಆದ್ರೆ ಅದು ಕೇಂದ್ರ ಪುರಾತತ್ವ ಇಲಾಖೆಯದ್ದು, ಪೂಜೆನೂ ನಡೆಯುತ್ತೆ, ಟ್ರೈಪಾಡು ಲೈಟು ತಗೊಂಡು ಹೋಗೋ ಮುಂಚೆ ಇಲಾಖೆಯಿಂದ ಅನುಮತಿ ತಗೊಳ್ಳಿ, ಗರ್ಭಗುಡಿ ಕಡೆ ಪೋಸ್ ಬೇಡ. ಡ್ರೋನ್ ವಿಷಯಕ್ಕೆ ಬಂದ್ರೆ, 250 ಗ್ರಾಂಗಿಂತ ಜಾಸ್ತಿ ತೂಕದ್ದಕ್ಕೆ ರಿಜಿಸ್ಟ್ರೇಷನ್ ನಂಬರ್ ಇರ್ಬೇಕು, ಹಾರಿಸೋನ ಹತ್ರ ಪೈಲಟ್ ಸರ್ಟಿಫಿಕೇಟ್ ಇರ್ಬೇಕು. ಕಾಡಿನ ಜಾಗಕ್ಕೆ ಅರಣ್ಯ ಇಲಾಖೆನ ಕೇಳ್ಬೇಕು. 2023ರಲ್ಲಿ ಸೋಗಾನೆ ಏರ್‌ಪೋರ್ಟ್ ಶುರುವಾದ ಮೇಲೆ ಶಿವಮೊಗ್ಗ ಸುತ್ತಮುತ್ತನೂ ಮ್ಯಾಪ್ ನೋಡ್ದೆ ಹಾರಿಸೋ ಹಾಗಿಲ್ಲ. ಮತ್ತೆ ಎಲ್ಲೇ ಹೋದ್ರೂ ಕಂಬಿ ದಾಟಿ ಬಂಡೆ ಮೇಲೆ ನಿಲ್ಲಿ ಅಂತ ಫೋಟೋಗ್ರಾಫರ್ ಹೇಳಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ.

ಪ್ರಶ್ನೆ: ಮಗಳ ಮದುವೆ ಆಗಿ ಎಂಟು ತಿಂಗಳಾಯ್ತು, ಪೂರ್ತಿ ದುಡ್ಡು ಕೊಟ್ಟಿದೀವಿ. ಆಲ್ಬಮ್ ಇಲ್ಲ, ವಿಡಿಯೋ ಇಲ್ಲ, ಫೋನ್ ಎತ್ತಲ್ಲ. ಆದ್ರೆ ಅವಳ ಫೋಟೋ ಮಾತ್ರ ಅವರ ಇನ್ಸ್ಟಾಗ್ರಾಮಲ್ಲಿ ಇದೆ.
(ಭದ್ರಾವತಿಯ ತಾಯಿ)

ಉತ್ತರ: ಅಮ್ಮಾ, ಓದಿ ಬೇಜಾರಾಯ್ತು. ಮೊದಲು ಕೊಟ್ಟ ದುಡ್ಡಿನ ರಸೀದಿ, ಫೋನ್‌ಪೇ ಹಿಸ್ಟರಿ, ವಾಟ್ಸಾಪ್ ಮಾತುಕತೆ ಎಲ್ಲ ಒಟ್ಟು ಮಾಡಿ. ‘15 ದಿನದಲ್ಲಿ ಎಲ್ಲ ಫೋಟೋ ವಿಡಿಯೋ ಕೊಡಿ’ ಅಂತ ಒಂದು ಪತ್ರ ಬರೆದು ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿ. 1915 ಗ್ರಾಹಕ ಸಹಾಯವಾಣಿ, ಅಲ್ಲೂ ದೂರು ಬರೆಸಿ. ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ ಇದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸ್ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಆದ್ರೆ 2 ವರ್ಷದ ಒಳಗೆ ಹಾಕ್ಬೇಕು.

ಇನ್‌ಸ್ಟಾಗ್ರಾಮ್ ವಿಷಯ ತುಂಬ ಜನಕ್ಕೆ ಗೊತ್ತಿಲ್ಲ, ನಮ್ಮ ಫೋಟೋಗ್ರಾಫರ್‌ಗಳಿಗೂ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಥರ ಒಪ್ಪಂದ ಆಗಿಲ್ಲ ಅಂದ್ರೆ, ತೆಗೆಸಿದೋರದ್ದೇ. ನಿಮ್ಮ ಮಗಳನ್ನ ಕೇಳ್ದೆ ಹಾಕಿದ್ದು ತಪ್ಪು, ತೆಗೀರಿ ಅಂತ ಅದೇ ಪತ್ರದಲ್ಲಿ ಬರೀರಿ. ಈ ಕೆಲಸ ಮಾಡ್ತಿರೋ ಹುಡುಗ್ರೇ, ನೀವೂ ಇದನ್ನ ಓದ್ತಿದೀರಿ ಅಂತ ಗೊತ್ತು. ಮದುವೆ ರಾತ್ರಿನೇ ಕಾರ್ಡ್‌ನ ಎರಡು ಹಾರ್ಡ್‌ಡಿಸ್ಕಿಗೆ ಹಾಕಿ ಮಲ್ಕೊಳ್ಳಿ, ವಾರದೊಳಗೆ ಒಂದು ಮೂವತ್ತು ಫೋಟೋನಾದ್ರೂ ಮನೆಗೆ ಕಳಿಸಿ, ಆಲ್ಬಮ್ ಲೇಟ್ ಆಗುತ್ತೆ ಅಂದ್ರೆ ಫೋನ್ ಎತ್ತಿ ಹೇಳಿ. ಜನ ಲೇಟ್ ಆಗಿದ್ದನ್ನ ತಡ್ಕೋತಾರೆ, ಫೋನ್ ಎತ್ತದೆ ಇರೋದನ್ನ ತಡ್ಕೊಳ್ಳಲ್ಲ.

ಪ್ರಶ್ನೆ: ಕುಪ್ಪಳಿಯಲ್ಲಿ ಮಂತ್ರ ಮಾಂಗಲ್ಯ ಮದುವೆಗೆ ಕರೆದಿದಾರೆ. ಹೋಮ ಇಲ್ಲ, ಧಾರೆ ಇಲ್ಲ, ಅರ್ಧ ಗಂಟೆಲಿ ಮುಗಿಯುತ್ತಂತೆ. ಏನು ತೆಗೀಲಿ?
(ಕೊಪ್ಪದಿಂದ)

ಉತ್ತರ: ಅಲ್ಲಿ ತೆಗೆಯೋಕೆ ಜಾಸ್ತಿನೇ ಇದೆ ಮಾರಾಯ್ರೆ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿ ಅವರ ಮದುವೆನ ಹೀಗೆ ಸರಳವಾಗಿ ಮಾಡಿದ್ರು, ಇವತ್ತಿಗೂ ಆ ದಾರಿ ಹಿಡಿಯೋ ಜೋಡಿಗಳು ಯೋಚ್ನೆ ಮಾಡಿನೇ ಬಂದಿರ್ತಾರೆ. ಅಲ್ಲಿ ಮುಖ್ಯ ಆಗಿರೋದು ಇಬ್ಬರೂ ಪ್ರತಿಜ್ಞೆ ಮಾಡೋ ಹೊತ್ತು. ಹುಡುಗ ಓದೋವಾಗ ಹುಡುಗಿ ಮುಖದ ಮೇಲೆ ಫೋಕಸ್ ಇಡಿ, ಅವಳು ಓದೋವಾಗ ಅವನ ಮೇಲೆ. ಫ್ಲಾಶ್ ಬೇಡ, ಓಡಾಟ ಬೇಡ, ಒಂದು 35 ಎಂಎಂ ಹಾಕ್ಕೊಂಡು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತ್ಕೊಳ್ಳಿ. ಪುಸ್ತಕ ಹಿಡಿದ ಕೈ ಸ್ವಲ್ಪ ನಡುಗ್ತಿರುತ್ತೆ, ಆ ಕೈನೂ ತೆಗೀರಿ. ಮುಗಿದ ಮೇಲೆ ಎಲ್ಲರೂ ಊಟಕ್ಕೆ ಹೋಗ್ತಾರೆ, ಆಗ ಜೋಡಿನ ಕರ್ಕೊಂಡು ಅಲ್ಲೇ ಹತ್ರ ಇರೋ ಕವಿಶೈಲ ಗುಡ್ಡದ ಕಡೆ ಮೇಲೆ ಹತ್ತಿ ಹೋಗಿ, ಅಲ್ಲಿ ಏನೂ ಹೇಳ್ಬೇಡಿ, ಅವರ ಪಾಡಿಗೆ ಅವರನ್ನ ಕೂರೋಕೆ ಬಿಡಿ.