ಜರ್ನಲ್ ಇದ್ದರೂ ಫೈಲು ಬರಿದಾದದ್ದೇಕೆ?

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಯುಪಿಎಸ್ ಬ್ಯಾಟರಿ ಕೈಕೊಟ್ಟಿದ್ದಾಗ ಕರೆಂಟ್ ಹೋಯಿತು. ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಇರುವ ನಮ್ಮ ಲಿನಕ್ಸ್ ಕಂಪ್ಯೂಟರು ಆಮೇಲೆ ಸರಿಯಾಗಿಯೇ ಶುರುವಾದರೂ ಬಿಲ್ಲುಗಳ ಫೈಲು ಸೊನ್ನೆ ಬೈಟ್ ತೋರಿಸುತ್ತಿದೆ. ಝಡ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಮ್‌ಗೆ ಬದಲಾಯಿಸಿದರೆ ಈ ತೊಂದರೆ ತಪ್ಪುತ್ತದೆಯೇ?

ಉತ್ತರ: ಇಎಕ್ಸ್‌ಟಿ4ನಲ್ಲಿರುವ ಜರ್ನಲ್, ಅಂದರೆ ಬದಲಾವಣೆಗಳ ದಾಖಲೆ, ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. ಖಾತೆಗೆ ಏರಿಸುವ ಮೊದಲು ಕಿರ್ದಿಯಲ್ಲಿ ಬರೆದುಕೊಳ್ಳುವಂತೆ ಅದು ಬದಲಾವಣೆಗಳನ್ನು ಮೊದಲೇ ದಾಖಲಿಸುತ್ತದೆ, ನಿಜ. ಆದರೆ ರೂಢಿಯ ‘ಆರ್ಡರ್ಡ್’ ವಿಧಾನದಲ್ಲಿ ದಾಖಲಾಗುವುದು ಫೈಲಿನ ಹೆಸರು, ಅಳತೆ, ಬ್ಲಾಕುಗಳಿರುವ ಜಾಗ ಇಷ್ಟೇ ಹೊರತು ಒಳಗಿನ ಮಾಹಿತಿಯಲ್ಲ.

ತಮ್ಮ ಬಿಲ್ಲಿಂಗ್ ತಂತ್ರಾಂಶವು ಬಹುಶಃ ಹಳೆಯ ಫೈಲನ್ನು ಖಾಲಿ ಮಾಡಿ ಅದರಲ್ಲಿಯೇ ಹೊಸದನ್ನು ಬರೆಯುತ್ತದೆ. ಖಾಲಿ ಮಾಡಿದ ಸಂಗತಿಯು ಸುಮಾರು 5 ಸೆಕೆಂಡಿಗೊಮ್ಮೆ ನಡೆಯುವ ಕಮಿಟ್‌ನಲ್ಲಿ ಡಿಸ್ಕಿಗೆ ಸೇರಿಬಿಡುತ್ತದೆ. ಹೊಸ ಮಾಹಿತಿಗೆ ಜಾಗ ಗೊತ್ತುಮಾಡುವುದನ್ನೇ ಇಎಕ್ಸ್‌ಟಿ4 ಮುಂದೂಡುವುದರಿಂದ ಅದು 30 ಸೆಕೆಂಡುಗಳಷ್ಟು ಕಾಲ ಮೆಮೊರಿಯಲ್ಲಿಯೇ ಉಳಿಯಬಹುದು. ಈ ನಡುವೆ ಕರೆಂಟ್ ಹೋದರೆ ಉಳಿಯುವುದು ಬರಿಯ ಹೆಸರು. 2009ರಲ್ಲಿ ಇಂಥ ದೂರುಗಳು ಬಂದ ಮೇಲೆ, ಖಾಲಿ ಮಾಡಿ ಬರೆದ ಫೈಲನ್ನು ಮುಚ್ಚಿದೊಡನೆ ಜಾಗ ಹಂಚುವ ಏರ್ಪಾಡನ್ನು ಸೇರಿಸಲಾಯಿತು. ಫೈಲನ್ನು ದಿನವಿಡೀ ತೆರೆದೇ ಇಡುವ ತಂತ್ರಾಂಶಕ್ಕೆ ಅದರಿಂದ ಪ್ರಯೋಜನವಿಲ್ಲ.

ಝಡ್‌ಎಫ್‌ಎಸ್‌ನಲ್ಲಿ ಬರೆಯಬೇಕಾದದ್ದನ್ನು ಮೊದಲೇ ಗುರುತಿಸಿಡುವ ‘ಇಂಟೆಂಟ್ ಲಾಗ್’ ಇದೆಯೆಂಬುದನ್ನು ಕೇಳಿ ತಾವು ಆಸೆಪಟ್ಟಿರಬಹುದು. ಆದರೆ ತಂತ್ರಾಂಶವು ಎಫ್‌ಸಿಂಕ್ (ಮಾಹಿತಿಯನ್ನು ಈಗಲೇ ಡಿಸ್ಕಿಗೆ ಬರೆಯೆಂಬ ಆದೇಶ) ಮೂಲಕ ಕೇಳಿಕೊಂಡಾಗ ಅಥವಾ ಫೈಲನ್ನು ಸಿಂಕ್ ವಿಧಾನದಲ್ಲಿ ತೆರೆದಾಗ ಮಾತ್ರ ಆ ಲಾಗ್ ಕೂಡಲೇ ಡಿಸ್ಕಿಗೆ ಇಳಿಯುತ್ತದೆ. ಉಳಿದ ಬರವಣಿಗೆ ಮೆಮೊರಿಯಲ್ಲಿ ಗುಂಪುಗೂಡಿ ಕೆಲವು ಸೆಕೆಂಡುಗಳಿಗೊಮ್ಮೆ ಒಟ್ಟಿಗೆ ಹೋಗುತ್ತದೆ. ಖಾಲಿ ಮಾಡಿದ್ದು ಒಂದು ಗುಂಪಿಗೂ ಬರೆದದ್ದು ಮುಂದಿನದಕ್ಕೂ ಬಿದ್ದರೆ ಅಲ್ಲಿಯೂ ತಮಗೆ ಸೊನ್ನೆ ಬೈಟೇ ಸಿಗುತ್ತದೆ. ಆದ್ದರಿಂದ ಇದೊಂದೇ ಕಾರಣಕ್ಕೆ ಬದಲಾಯಿಸುವುದು ನನ್ನ ಅಭಿಪ್ರಾಯದಲ್ಲಿ ವ್ಯರ್ಥ ಖರ್ಚು.

ಸರಿಪಡಿಸಬೇಕಾದದ್ದು ತಂತ್ರಾಂಶವನ್ನು. ಅದು ಹೊಸ ಮಾಹಿತಿಯನ್ನು ಅದೇ ಫೋಲ್ಡರಿನ ತಾತ್ಕಾಲಿಕ ಫೈಲಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ, ಅನಂತರವೇ ರಿನೇಮ್ ಮೂಲಕ ಹಳೆಯದರ ಜಾಗಕ್ಕೆ ತಂದು, ಕೊನೆಗೆ ಫೋಲ್ಡರನ್ನೂ ಎಫ್‌ಸಿಂಕ್ ಮಾಡಬೇಕು. ಆಗ ಯಾವ ಕ್ಷಣದಲ್ಲಿ ಕರೆಂಟ್ ಹೋದರೂ ಹಳೆಯ ಫೈಲಾದರೂ ಹೊಸದಾದರೂ ಪೂರ್ತಿಯಾಗಿ ಇರುತ್ತದೆ. ಎಫ್‌ಸಿಂಕ್ ನಿಧಾನವೆಂದು ಅದನ್ನು ಕೈಬಿಡುವವರು ಕಡಿಮೆಯೇನಿಲ್ಲ. ತಂತ್ರಾಂಶ ಕೊಟ್ಟವರನ್ನು ವಿಚಾರಿಸುವ ಮುನ್ನ, ಒಂದು ಬಿಲ್ಲನ್ನು ಸೇವ್ ಮಾಡುವಾಗ ಸ್ಟ್ರೇಸ್ (ತಂತ್ರಾಂಶವು ಲಿನಕ್ಸ್‌ಗೆ ಕೊಡುವ ಆದೇಶಗಳನ್ನು ಸಾಲಾಗಿ ತೋರಿಸುವ ಸಾಧನ) ಓಡಿಸಿ, ರಿನೇಮ್ ಸಾಲಿಗಿಂತ ಮೇಲೆ ಎಫ್‌ಸಿಂಕ್ ಅಥವಾ ಅದೇ ಬಗೆಯ ಎಫ್‌ಡೇಟಾಸಿಂಕ್ ಕಾಣುತ್ತದೆಯೇ ಎಂದು ನೋಡಿಕೊಳ್ಳಿ.