ತಾತನವರ ಸ್ಮರಣಫಲಕದಲ್ಲಿ ಏನು ಬರೆಸಬೇಕು?

ಸೇನೆಯಲ್ಲಿದ್ದು ಬಂದು ಶಾಸಕರಾಗಿದ್ದ ನಿಮ್ಮ ತಾತನವರ ಹೆಸರಲ್ಲಿ ಊರಿನ ಹೈಸ್ಕೂಲಿಗೆ ಕಲ್ಲಿನ ಫಲಕ ಹಾಕಿಸ್ತೀವಿ, ಒಕ್ಕಣೆ ಹೇಗಿರಬೇಕು ಅಂತ ಕೇಳಿದ್ದೀರಿ.

ಹೆಚ್ಚು ತಪ್ಪಾಗೋದು ಜಿಲ್ಲೆ, ಕ್ಷೇತ್ರದ ಹೆಸರಲ್ಲೇ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮೊದಲು ಜಗಳೂರು, ಹರಿಹರ ಚಿತ್ರದುರ್ಗಕ್ಕೆ ಸೇರಿದ್ವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ. ಭರಮಸಾಗರ ಕ್ಷೇತ್ರವಂತೂ 2008ರ ಪುನರ್ವಿಂಗಡಣೆಯಲ್ಲಿ ಹೋಗೇಬಿಡ್ತು. ಆದರೂ ಗೆದ್ದಾಗ ಇದ್ದ ಹೆಸರನ್ನೇ ಬರೆಸಿ. 1973ರ ನವೆಂಬರ್ 1ಕ್ಕೆ ಮೊದಲು ಗೆದ್ದಿದ್ದರೆ ‘ಮೈಸೂರು ವಿಧಾನಸಭೆ’ ಅಂತಲೇ ಇರಲಿ.

ಸೇನೆಯ ವಿವರವನ್ನು ಮನೆಯವರ ನೆನಪಿನ ಮೇಲೆ ಬರೆಸಬೇಡಿ. ಸೇನೆ ಬಿಡುವಾಗ ಕೊಡೋ ಡಿಸ್ಚಾರ್ಜ್ ಬುಕ್ ನೋಡಿ: ನಂಬರ್, ರ‍್ಯಾಂಕ್, ಸೇರಿದ ತಾರೀಕು, ಬಿಟ್ಟ ತಾರೀಕು ಸಿಗುತ್ತೆ. ಅದು ಕಳೆದಿದ್ದರೆ ಪದಕವನ್ನು ಬೆಳಕಿಗೆ ಓರೆ ಹಿಡಿಯಿರಿ. ಅಂಚಿನ ಸುತ್ತ ಸಣ್ಣಕ್ಷರದಲ್ಲಿ ಸೇವಾ ನಂಬರ್, ಹೆಸರು ಕೊರೆದಿರುತ್ತಾರೆ. ಬ್ರಾಸೋ (ಲೋಹಕ್ಕೆ ಹಚ್ಚೋ ಪಾಲಿಶ್) ಹಚ್ಚಿ ಉಜ್ಜಿದರೆ ಅದೂ ಸವೆದುಹೋಗುತ್ತೆ, ಹುಷಾರು. ಆ ನಂಬರ್ ಹಾಕಿ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಪತ್ರ ಬರೆಯಿರಿ. ‘ನಿವೃತ್ತ’ ಅನ್ನೋದು ರ‍್ಯಾಂಕಿನ ಮುಂದಲ್ಲ, ಹೆಸರಾದ ಮೇಲೆ ಬರಬೇಕು.

ಕಲ್ಲು ಕಪ್ಪು ಗ್ರಾನೈಟ್, 20 ಮಿ.ಮೀ. ದಪ್ಪ ಸಾಕು. ಅಂಟೊಂದನ್ನೇ ನೆಚ್ಚಬೇಡಿ, ನಾಲ್ಕೂ ಮೂಲೆಗೆ ಸ್ಟೀಲ್ ಸ್ಕ್ರೂ ಹಾಕಿಸಿ. ಅಕ್ಷರ ಒಂದಿಂಚಿಗಿಂತ ಸಣ್ಣದಾದರೆ ಒತ್ತಕ್ಷರದೊಳಗೆ ಪೇಂಟ್ ತುಂಬಿ ಮುಚ್ಚಿಹೋಗುತ್ತೆ. ಕೊರೆಯೋ ಮುಂಚೆ ಪೂರ್ತಿ ಅಳತೆಯ ಪ್ರಿಂಟ್ ತೆಗೆಸಿ, ಗೋಡೆಗೆ ಅಂಟಿಸಿ, ಮನೆಯವರಲ್ಲದ ಒಬ್ಬರಿಂದ ಓದಿಸಿ.

ಅನಾವರಣದ ದಿನ ಫಲಕಕ್ಕೆ ರಾಷ್ಟ್ರಧ್ವಜ ಹೊದಿಸೋಕೆ ಹೋಗಬೇಡಿ, ಧ್ವಜ ಸಂಹಿತೆ ಒಪ್ಪಲ್ಲ. ಬೇರೆ ಬಟ್ಟೆ ಹೊದಿಸಿ, ಧ್ವಜವನ್ನು ಪಕ್ಕದಲ್ಲಿ ಪ್ರತ್ಯೇಕವಾಗಿ ಹಾರಿಸಿ.